ಹರಾಜಿಗೆ ಹೋದ ಕರಿಬೇವು

ಕಮಲಾಬಾಯಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಕ್ರಿಸ್ಮಸ್ ಕೇಕಿಗೆ ನೆನೆಹಾಕಲೆಂದು ತೆಗೆದ ಒಣದ್ರಾಕ್ಷಿಯ ಡಬ್ಬಿ ಕೈಯಲ್ಲೇ ಉಳಿಯಿತು. ಹಾಲಿನ ಮೂಲೆಯಲ್ಲಿ, ಕಿಟಕಿಯ ಪಕ್ಕದ ದೊಡ್ಡ ಕುಂಡದ ಮುಂದೆ ಸೊಸೆ ನಿಖಿತಾ ನಿಂತಿದ್ದಳು. ಈಗಷ್ಟೇ ಸ್ನಾನ ಮಾಡಿದವಳು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡಿದ್ದಳು. ಸ್ಟೀಲಿನ ತಂಬಿಗೆಯಿಂದ ಬೆಳ್ಳಗಿನದೇನನ್ನೋ ಕರಿಬೇವಿನ ಗಿಡದ ಬುಡಕ್ಕೆ ಸಣ್ಣ ಧಾರೆಯಾಗಿ, ಸುತ್ತಲೂ ಬರುವಂತೆ ಎರೆಯುತ್ತಿದ್ದಳು. ಕಣ್ಣು ಮುಚ್ಚಿತ್ತು. ತುಟಿ ಅಲುಗುತ್ತಿತ್ತು.

ಬೆಟಗೇರಿಯ ಕ್ರೈಸ್ತ ಸಭೆಯಲ್ಲಿ ಅರ್ಧ ಆಯುಷ್ಯ ಭಾನುವಾರದ ಶಾಲೆಯ ಮಕ್ಕಳಿಗೆ ಪಾಠ ಹೇಳಿದ ಹೆಂಗಸು ಇದನ್ನು ನೋಡಿ ಬೇರೇನು ತಿಳಿದುಕೊಂಡಾರು? ಅಭಿಷೇಕ! ತನ್ನ ಮಗನ ಮನೆಯಲ್ಲಿ, ಶಿಲುಬೆ ತೂಗುಹಾಕಿದ ಗೋಡೆಯ ಕೆಳಗೆ, ಗಿಡಕ್ಕೆ ಅಭಿಷೇಕ...

"ಏನದು ಹಾಕಾಕತ್ತಿದ್ದು?" ಎಂದರು.

ನಿಖಿತಾ ಬೆಚ್ಚಿ ಕಣ್ಣು ಬಿಟ್ಟಳು. "ಮಜ್ಜಿಗೆ ಅತ್ತೆ. ಹುಳಿ ಬಂದಿತ್ತು. ಕರಿಬೇವಿಗೆ ಒಳ್ಳೇದು."

"ಕಣ್ಣ ಮುಚ್ಚಿ ಹಾಕಿದ್ರ ಇನ್ನೂ ಒಳ್ಳೇದೇನು?"

 ನಿಖಿತಾಳಿಗೆ ಹೇಳಲು ಒಂದು ಮಾತಿತ್ತು. ಆದರೆ ರೈಲಿಗೆ ಹೊತ್ತಾಗಿತ್ತು. ತಂಬಿಗೆ ತೊಳೆದಿಟ್ಟು, ಬ್ಯಾಗು ಹೆಗಲಿಗೇರಿಸಿ, ವೆಲ್ಲಿಂಗ್ಟನ್ನಿನ ಜಾನ್ಸನ್‌ವಿಲ್ ಸ್ಟೇಷನ್ನಿನ ಇಳಿಜಾರಿನಲ್ಲಿ ಗಾಳಿಗೆ ಎದುರಾಗಿ ಓಡಿದಳು. ಕಮಲಾಬಾಯಿ ಕುಂಡದ ಹತ್ತಿರ ಹೋಗಿ ಬಗ್ಗಿ ನೋಡಿದರು. ಮಣ್ಣಿನ ಮೇಲೆ ಬಿಳಿ ನೊರೆ ಇನ್ನೂ ಆರಿರಲಿಲ್ಲ. ಕುಂಡದ ಅಂಚು ಒಂದು ಕಡೆ ಸೀಳಿತ್ತು. ಯಾರೋ ಅದಕ್ಕೆ ತಾಮ್ರದ ತಂತಿ ಸುತ್ತಿ ಬಿಗಿದಿದ್ದರು. ಕಮಲಾಬಾಯಿಗೆ ಅದೂ ಒಂದು ಕಂಕಣದ ಹಾಗೇ ಕಂಡಿತು. ಕಾಣಬೇಕು ಎಂದುಕೊಂಡವರಿಗೆ ಎಲ್ಲವೂ ಕಾಣುತ್ತದೆ.

ಆ ಗಿಡ ನಿಖಿತಾಳ ತಾಯಿ ರಮಾ ನೆಟ್ಟದ್ದು. ಆ ತಾಯಿ ಮೈಸೂರಿನಿಂದ ಒಂದೇ ಒಂದು ಸಲ ಈ ದೇಶಕ್ಕೆ ಬಂದಿದ್ದರು, ನಿಖಿತಾಳ ಮಗಳು ಅನನ್ಯಾ ಹುಟ್ಟಿದಾಗ, ಬಾಣಂತನಕ್ಕೆ. ಆಕ್ಲೆಂಡಿನಲ್ಲಿ ವಿಮಾನ ಬದಲಿಸುವ ಮುನ್ನ ಮನುಕಾವ್‌ನ ಪರಿಚಿತರ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದರು; ಅವರ ಹಿತ್ತಲಿನಿಂದ ಬೆರಳುದ್ದದ ಕರಿಬೇವಿನ ಸಸಿಯನ್ನು ಕೇಳಿ ತಂದು ಇಲ್ಲಿ ಕುಂಡದಲ್ಲಿ ನೆಟ್ಟರು. ವೆಲ್ಲಿಂಗ್ಟನ್ನಿನ ಚಳಿಗೆ ಅದು ಬದುಕುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ಕೋಣೆ ಬೆಚ್ಚಗಿಡುವ ಹೀಟ್ ಪಂಪಿನ ಎದುರು ಇಟ್ಟು, ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಹಾಕಿ ರಮಾ ಬದುಕಿಸಿದರು. ಕುಂಡ ಸೀಳಿದಾಗ ತಂತಿ ಬಿಗಿದವರೂ ಅವರೇ. ಊರಿಗೆ ಹೋದ ಮೇಲೆ ದಿನಾ ಫೋನಿನಲ್ಲಿ ಮೊದಲು ಮಗುವನ್ನು ಕೇಳುವರು, ಆಮೇಲೆ ಗಿಡವನ್ನು. ಕೊರೊನಾ ಕಾಲದಲ್ಲಿ ಅವರು ತೀರಿಕೊಂಡಾಗ ಇಲ್ಲಿನ ಗಡಿ ಮುಚ್ಚಿತ್ತು. ನಿಖಿತಾ ಹೋಗಲಾಗಲಿಲ್ಲ. ತಾಯಿಯ ಚಿತೆಯನ್ನು ಫೋನಿನಲ್ಲಿ ನೋಡಿದಳು. ಅಂದಿನಿಂದ ಮಜ್ಜಿಗೆ ಹಾಕುವ ಹೊತ್ತಿಗೆ ಗಿಡದ ಮುಂದೆ ನಿಂತು ಮಾತಾಡುವ ರೂಢಿ ಬಿತ್ತು. ಪೂಜೆಯಲ್ಲ, ಪ್ರಾರ್ಥನೆಯೂ ಅಲ್ಲ. ಮನೆಯ ಸುದ್ದಿ ಹೇಳುತ್ತಿದ್ದಳು, ಅಷ್ಟೇ.

ಇದು ನಿಖಿತಾಳ ಗಂಡ ಅನೂಪನಿಗೆ ಗೊತ್ತಿತ್ತು. ಕಮಲಾಬಾಯಿಗೆ ಗೊತ್ತಿರಲಿಲ್ಲ. ಅವರು ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ನೆಲೆಸಿದವರು, ಮತ್ತು ಅವರ ಮುಂದೆ ರಮಾ ಎಂಬ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅನೂಪ ಮತ್ತು ನಿಖಿತಾ ಇಲ್ಲಿ ಓದಲು ಬಂದಾಗ ಒಂದೇ ಮನೆಯಲ್ಲಿ ಫ್ಲಾಟ್‌ಮೇಟ್ ಆಗಿದ್ದವರು. ತಾವೇ ಮೆಚ್ಚಿ ಮದುವೆಯಾದರು. ಮದುವೆ ಮೈಸೂರಿನಲ್ಲಿ ನಡೆಯಿತು. ಬೆಳಿಗ್ಗೆ ಚರ್ಚಿನಲ್ಲಿ ಆದದ್ದಕ್ಕೆ ಕಮಲಾಬಾಯಿ ಇದ್ದರು. ಮಧ್ಯಾಹ್ನ ರಮಾ ತಮ್ಮ ಮನೆಯಲ್ಲಿ ಅರಿಸಿನದ ಕೊಂಬು ಕಟ್ಟಿಸುತ್ತಾರೆ ಎಂದು ಗೊತ್ತಾದ ಕೂಡಲೇ ಎದ್ದು ಕಾರು ಹತ್ತಿದರು. ಬಡಿಸಿದ ಎಲೆ ಹಾಗೇ ಬಿಟ್ಟರು. ಅಂದಿನಿಂದ ಎರಡೂ ಮನೆಗೆ ಮಾತಿಲ್ಲ.

ಅದು ನವೆಂಬರಿನ ಕೊನೆಯ ವಾರ, ಕೃತಜ್ಞತೆಯ ಹಬ್ಬದ ವಾರ. ಬೆಟಗೇರಿಯಲ್ಲಿ ಸುಗ್ಗಿಯ ಹೊತ್ತಿಗೆ ಜೋಳದ ತೆನೆ, ಕುಂಬಳಕಾಯಿ, ಕೋಳಿಯನ್ನು ದೇವರ ಮುಂದಿಟ್ಟು, ಆರಾಧನೆಯಾದ ಮೇಲೆ ಹರಾಜು ಹಾಕುತ್ತಿದ್ದರು. ಬಂದದ್ದು ಸಭೆಯ ಬಡವರ ಕ್ರಿಸ್ಮಸ್ಸಿಗೆ. ವೆಲ್ಲಿಂಗ್ಟನ್ನಿನ ಕನ್ನಡ ಸಭೆ ಸಣ್ಣದು, ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಸೇರುತ್ತದೆ; ಆದರೂ ಈ ಹಬ್ಬವನ್ನು ಬಿಟ್ಟಿಲ್ಲ. ಇಲ್ಲಿ ನವೆಂಬರ್ ಎಂದರೆ ಸುಗ್ಗಿಯಲ್ಲ, ಬೇಸಿಗೆಯ ಬಾಗಿಲು. ಜನ ಸ್ಟ್ರಾಬೆರಿ, ಎಳೆ ಆಲೂಗಡ್ಡೆ, ಮೊಟ್ಟೆ, ಮನೆಯಲ್ಲಿ ಮಾಡಿದ ಜಾಮ್ ತರುತ್ತಾರೆ. ಹರಾಜಿಗೆ ಹಿಂದೂಗಳೂ ಬರುತ್ತಾರೆ, ಊಟವೂ ಇರುತ್ತದೆ. ನಿಯಮ ಒಂದೇ: ಮನೆಯಲ್ಲಿ ಬೆಳೆದದ್ದನ್ನು ಕೊಡಬೇಕು, ಕೊಟ್ಟವರ ಮನೆಯವರು ಅದನ್ನು ಕೂಗಬಾರದು. ದೇವರಿಗೆ ಕೊಟ್ಟದ್ದನ್ನು ತಿರುಗಿ ಮನೆಗೆ ಒಯ್ಯುವುದುಂಟೇ! ಈ ನಿಯಮ ಇಲ್ಲಿನವರಿಗೆ ಮರೆತೇಹೋಗಿತ್ತು. ನೆನಪಿಸಿ ಜಾರಿಗೆ ತಂದವರು ಕಮಲಾಬಾಯಿಯೇ.

ಈ ಮನೆಯಲ್ಲಿ ಬೆಳೆದದ್ದು ಒಂದೇ ಇತ್ತು.

ಭಾನುವಾರ ಬೆಳಿಗ್ಗೆ ನಿಖಿತಾ ಅನನ್ಯಾಳನ್ನು ಈಜಿನ ತರಗತಿಗೆ ಕರೆದುಕೊಂಡು ಹೋದಳು. ಅಲ್ಲಿಂದಲೇ ನೇರವಾಗಿ ಸಭೆಯ ಹಾಲಿಗೆ ಬರುವುದೆಂದು ಮಾತಾಗಿತ್ತು. ಪಲಾವಿನ ಪಾತ್ರೆ ಕಾರಿನಲ್ಲೇ ಇತ್ತು. ಅವಳು ಹೊರಟ ಮೇಲೆ ಸಭಾಹಿರಿಯ ಜಯಾನಂದ ಹಿಂಬದಿ ತೆರೆದ ತಮ್ಮ ಯೂಟ್ ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿದರು. ಕಮಲಾಬಾಯಿ ಮಗನನ್ನು ಕರೆದು ಕುಂಡ ಎತ್ತಿಡು ಎಂದರು. ಅನೂಪ ಒಂದು ಗಳಿಗೆ ನಿಂತ. ನಿಖಿತಾಳಿಗೆ ಹೇಳಿದ್ದೀಯಾ ಅವ್ವಾ ಎಂದು ಕೇಳಿದ.

"ದೇವರಿಗೆ ಕೊಡಾಕ ಯಾರನ್ನ ಕೇಳಬೇಕೋ?"

ಅದು ಉತ್ತರವಲ್ಲ ಎಂದು ಅವನಿಗೆ ಗೊತ್ತಿತ್ತು. ಜೇಬಿನಲ್ಲಿ ಫೋನ್ ಇತ್ತು. ಹೆಂಡತಿಗೆ ಕರೆ ಮಾಡಿದರೆ ಏನು ಹೇಳುತ್ತಾಳೆ ಎಂದೂ ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ. ಬ್ಯಾಂಕಿನಲ್ಲಿ ಕೈಕೆಳಗಿನವರಿಗೆ ದಿನವಿಡೀ ಇದು ಮಾಡು ಅದು ಬಿಡು ಎನ್ನುವ ಗಂಡಸು ತಾಯಿಯ ಮುಂದೆ ಬಾಯಿ ಬಿಡದೆ ಕುಂಡವನ್ನು ಅಪ್ಪಿ ಎತ್ತಿ ಯೂಟಿನಲ್ಲಿ ಇಟ್ಟ. ಗಾಳಿಗೆ ಎಲೆ ಉದುರದಿರಲೆಂದು ಹಳೇ ಬೆಡ್‌ಶೀಟ್ ಸುತ್ತಿದ. ಅಷ್ಟು ಕಾಳಜಿ ಮಾತ್ರ ಇತ್ತು.

ಮೇಜಿನ ಮೇಲೆ ಸ್ಟ್ರಾಬೆರಿಯ ಬುಟ್ಟಿಗಳ ನಡುವೆ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು ನಿಂತ ಗಿಡವನ್ನು ಮೊದಲು ಕಂಡವಳು ಅನನ್ಯಾ. ಅಮ್ಮನ ಕೈ ಜಗ್ಗಿ ಇಂಗ್ಲಿಷಿನಲ್ಲಿ, ಅದು ನಮ್ಮದು ಎಂದಳು. ನಿಖಿತಾ ನೋಡಿದಳು. ತಾಮ್ರದ ತಂತಿ ಕಂಡಿತು. ಪಲಾವಿನ ಪಾತ್ರೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತಳು. ಎದ್ದು ಕೇಳಬಹುದಿತ್ತು. ಆದರೆ ಆ ಹಾಲಿನಲ್ಲಿ ಅವಳು ಕಮಲಾಬಾಯಿಯ ಹಿಂದೂ ಸೊಸೆ. ದೇವರ ಮುಂದಿಟ್ಟ ಗಿಡಕ್ಕಾಗಿ ಅವಳು ಒಂದು ಮಾತೆತ್ತಿದರೂ, ಅತ್ತೆ ಮನಸ್ಸಿನಲ್ಲಿ ಹೊರಿಸಿದ ಆರೋಪ ಎಲ್ಲರ ಮುಂದೆ ರುಜುವಾತಾಗುತ್ತಿತ್ತು. ಗಂಡನ ಕಡೆ ನೋಡಿದಳು. ಗಂಡ ಕೀರ್ತನೆ ಪುಸ್ತಕದ ಕಡೆ ನೋಡುತ್ತಿದ್ದ.

ಹರಾಜು ಕೂಗುವುದರಲ್ಲಿ ಜಯಾನಂದರದು ಎತ್ತಿದ ಕೈ. "ಈ ಕೋಳಿ ಹುಟ್ಟಿದ್ದು ಇಲ್ಲೇ, ಆದ್ರ ಕನ್ನಡ ತಿಳಿತೈತಿ, ಇಲ್ಲಂದ್ರ ಇಷ್ಟು ಮೊಟ್ಟಿ ಇಡ್ತಿತ್ತೇನು?" ಎಂದು ಮೊಟ್ಟೆ ಮಾರಿದರು. ಜಾಮ್ ಹೋಯಿತು, ಆಲೂಗಡ್ಡೆ ಹೋಯಿತು. ಕರಿಬೇವು ಎತ್ತಿದ ಕೂಡಲೇ ಹಾಲಿನಲ್ಲಿ ಕಳೆ ಬಂತು. ಅಂಗಡಿಯ ಬಾಡಿದ ಎಲೆಗೆ ಚಿನ್ನದ ಬೆಲೆ ಕೊಡುವ ಜನ; ಸೊಂಟದೆತ್ತರದ ಗಿಡ ಎಂದರೆ ಬಿಟ್ಟಾರೇ? ನಾಲ್ಕೂ ಕಡೆಯಿಂದ ಕೂಗಿದರು. ಆ ಗದ್ದಲದ ನಡುವೆ ಅನೂಪನ ಕೈ ಮೇಲೆ ಹೋಯಿತು.

ನಿಖಿತಾ ಅದನ್ನು ನೋಡಿದಳು. ಎದೆ ಒಮ್ಮೆ ಹಗುರಾಯಿತು...

ಮುಂದಿನ ಸಾಲಿನಿಂದ ಕಮಲಾಬಾಯಿ ತಿರುಗಿ ನೋಡಿದರು. ದನಿ ಏರಿಸಲಿಲ್ಲ. "ಕೊಟ್ಟವರ ಮನಿಯವರು ಕೂಗಬಾರದಪಾ" ಎಂದರು. ಜನ ನಕ್ಕರು, ಅನೂಪ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ಅನೂಪನೂ ನಕ್ಕ. ಕೈ ಕೆಳಗಿಳಿಯಿತು.

ಗಿಡ ಉದಯಶಂಕರ್‌ಗೆ ಹೋಯಿತು. ಬೆಂಗಳೂರಿನವರು, ಅಪ್ಪರ್ ಹಟ್‌ನಲ್ಲಿ ದೊಡ್ಡ ಹಿತ್ತಲಿನ ಮನೆ. ಸಭೆಯವರಲ್ಲ, ವರ್ಷವರ್ಷ ಹರಾಜಿಗೆ ತಪ್ಪದೆ ಬರುವ ದೊಡ್ಡ ಮಾತಿನ, ಒಳ್ಳೆಯ ಮನಸ್ಸಿನ ಮನುಷ್ಯ. ಊಟಕ್ಕೆ ಕುಳಿತಾಗ ನಿಖಿತಾಳೇ ಅವರಿಗೆ ಪಲಾವು ಬಡಿಸಿದಳು. "ಎಲೆ ಬೇಕಾದಾಗ ಫೋನ್ ಮಾಡಮ್ಮ, ಬೊಗಸೆ ತುಂಬ ಕಿತ್ತು ಕೊಡ್ತೀನಿ, ಸಂಕೋಚ ಪಡ್ಬೇಡ" ಎಂದರು. ನಿಖಿತಾ ಆಗಲಿ ಅಂಕಲ್ ಎಂದಳು. ಸೌಟು ಪಾತ್ರೆಗೆ ಹಾಕಿ, "ಗಾಳಿಗೆ ಇಡ್ಬೇಡಿ ಅಂಕಲ್" ಎಂದಳು. 

ಮನೆಗೆ ಬಂದ ಮೇಲೆ ಅನೂಪ ಗ್ಯಾರೇಜಿನಲ್ಲೇ ತಡೆದು ಮಾತು ತೆಗೆದ. ತಾನೇ ಉದಯಶಂಕರ್ ಜೊತೆ ಮಾತಾಡುತ್ತೇನೆ, ಅವ್ವನಿಗೆ ವಯಸ್ಸಾಗಿದೆ, ಕ್ರಿಸ್ಮಸ್ ಮುಗಿಯಲಿ, ಬೇರೆ ಗಿಡ ತರೋಣ ಎಂದೆಲ್ಲ ಹೇಳಿದ. ನಿಖಿತಾ ಪೂರ್ತಿ ಕೇಳಿದಳು.

"ನೀನು ಕೈ ಎತ್ತದೇ ಇದ್ದಿದ್ರೆ ನಾನು ಸುಮ್ನಿರ್ತಿದ್ದೆ ಅನೂಪ್. ಯಾರ ಗಿಡ ಅನ್ನೋದೇ ಮರೆತಿದ್ದಾನೆ ಅಂದ್ಕೋತಿದ್ದೆ. ಎತ್ತಿ ಇಳಿಸಿದೆ ನೋಡು."



ಅಂದೇ ಕಮಲಾಬಾಯಿ ಖಾಲಿಯಾದ ಮೂಲೆಯಲ್ಲಿ ಕ್ರಿಸ್ಮಸ್ ಮರ ನಿಲ್ಲಿಸಿದರು. ಪ್ಲಾಸ್ಟಿಕ್ಕಿನ ಮರ, ಪೆಟ್ಟಿಗೆಯಿಂದ ತೆಗೆದು ಕೊಂಬೆ ಬಿಡಿಸಿದರು. ಕುಂಡದ ಭಾರಕ್ಕೆ ಕಾರ್ಪೆಟ್ಟಿನ ಮೇಲೆ ದುಂಡನೆಯ ಗುರುತು ಬಿದ್ದಿತ್ತು. ಮರದ ಬುಡ ಅದಕ್ಕಿಂತ ಚಿಕ್ಕದು, ಗುರುತು ಹೊರಗೇ ಉಳಿಯಿತು. ಬ್ರಶ್ ಹಾಕಿ ಉಜ್ಜಿದರೂ ಏಳಲಿಲ್ಲ. ಸೊಸೆ ಜಗಳಕ್ಕೆ ಬರುತ್ತಾಳೆ ಎಂದು ಎಲ್ಲ ಮಾತು ಸಿದ್ಧವಿಟ್ಟುಕೊಂಡಿದ್ದರು. ಸೊಸೆ ಬರಲಿಲ್ಲ. ಕೆಲಸಕ್ಕೆ ಹೋದಳು, ಬಂದಳು, ಕೇಕಿನ ಹಣ್ಣು ಹೆಚ್ಚಿ ಕೊಟ್ಟಳು, ಏಣಿ ಹತ್ತಿ ಬಾಗಿಲ ಮೇಲೆ ಕಾಗದದ ನಕ್ಷತ್ರ ಕಟ್ಟಿದಳು. ಕೇಳಿದ್ದಕ್ಕೆ ಹೌದು, ಇಲ್ಲ ಎಂದಳು. ಮಲಗಲು ಮಗಳ ಕೋಣೆಗೆ ಹೋದಳು. ಸಾರಿಗೆ ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿದ ಮೇಲೆ ಅವಳ ಕೈ ಅಭ್ಯಾಸಬಲದಿಂದ ಮೂಲೆಯ ಕಡೆ ಹೊರಟು, ಹಾಗೇ ಹಿಂದಕ್ಕೆ ಬರುತ್ತಿತ್ತು. ಅದನ್ನು ಕಮಲಾಬಾಯಿ ನೋಡಿದರು. ನೋಡಿಯೂ ನೋಡದ ಹಾಗೆ ಇದ್ದರು.

ಆಮೇಲೆ ಅನೂಪನೇ ತಾಯಿಗೆ ಸುದ್ದಿ ಹೇಳಿದ. ನಿಖಿತಾ ಅನನ್ಯಾಳನ್ನು ಕರೆದುಕೊಂಡು ಕ್ರೈಸ್ಟ್‌ಚರ್ಚ್ ಊರಿಗೆ ಹೋಗುತ್ತಾಳೆ. ಅಲ್ಲಿನ ರಿಕ್ಕರ್ಟನ್‌ನಲ್ಲಿ ಅವಳ ಗೆಳತಿ ಅಪೂರ್ವಾ ಇದ್ದಾಳೆ. ಬರುವ ಸೋಮವಾರದ ವಿಮಾನ. ಶಾಲೆಗೂ ಹೇಳಿ ಆಗಿದೆ.

"ಕ್ರಿಸ್ಮಸ್ಸಿಗೆ ಬರ್ತಾರಲ್ಲ?"

"ಹಿಂದಕ್ಕೆ ಬರೋ ಟಿಕೆಟ್ ತೆಗಿಸಿಲ್ಲವ್ವಾ."

ಕಮಲಾಬಾಯಿಗೆ ಮೊದಲು ಬಂದದ್ದು ಸಿಟ್ಟೇ. ಒಂದು ಗಿಡದ ಸಲುವಾಗಿ ಮನೆ ಬಿಡುವವಳು ಎಂಥ ಹೆಣ್ಣು, ಹಬ್ಬದ ದಿನ ಸಭೆಯವರು ಸೊಸೆ ಎಲ್ಲಿ, ಮೊಮ್ಮಗಳೆಲ್ಲಿ ಎಂದು ಕೇಳಿದರೆ ಏನು ಹೇಳುವುದು ಎಂದು ಮಗನನ್ನೇ ತರಾಟೆಗೆ ತೆಗೆದುಕೊಂಡರು. ಮಗ ತಲೆ ತಗ್ಗಿಸಿ ನಿಂತ. ಅವನಿಗೆ ಬರುತ್ತಿದ್ದದ್ದು ಅದೊಂದೇ.

ಮರುದಿನ ಶಾಲೆ ಬಿಟ್ಟ ಮೇಲೆ ಅಜ್ಜಿ ಮೊಮ್ಮಗಳು ಶಂಕರಪಾಳಿಗೆ ಕುಳಿತರು. ಕಮಲಾಬಾಯಿ ಹಿಟ್ಟು ಲಟ್ಟಿಸುತ್ತಿದ್ದರು, ಅನನ್ಯಾ ಕತ್ತರಿಸುತ್ತಿದ್ದಳು. ಆ ಹುಡುಗಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷ್. ಅಜ್ಜಿ ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು, ಇಬ್ಬರಿಗೂ ತೊಂದರೆಯಿಲ್ಲದೆ ನಡೆದಿತ್ತು. ಮಾತಿನ ಮಧ್ಯೆ ಹುಡುಗಿ, ಉದಯ್ ಅಂಕಲ್‌ಗೆ ಮೈಸೂರಜ್ಜಿಯ ಗಿಡದ ಜೊತೆ ಮಾತಾಡಲು ಬರುತ್ತದೆಯೇ ಎಂದು ಕೇಳಿದಳು.

ಲಟ್ಟಣಿಗೆ ನಿಂತಿತು. "ಯಾರ ಗಿಡ?"

ಮೈಸೂರಜ್ಜಿಯದು, ಎಂದಳು ಹುಡುಗಿ, ಎಲ್ಲರಿಗೂ ಗೊತ್ತಿರುವ ವಿಷಯ ಹೇಳುವವಳಂತೆ. ನಾನು ಹುಟ್ಟಿದಾಗ ಅಜ್ಜಿ ನೆಟ್ಟದ್ದು. ಅಜ್ಜಿ ಸತ್ತುಹೋದರು, ಅಮ್ಮನಿಗೆ ಹೋಗಲು ಬಿಡಲಿಲ್ಲ. ಅದಕ್ಕೆ ಅಮ್ಮ ಮಜ್ಜಿಗೆ ಹಾಕುವಾಗ ಅಜ್ಜಿಗೆ ಎಲ್ಲ ಹೇಳುತ್ತಾಳೆ.

"ಎಲ್ಲಾ ಅಂದ್ರ ಏನು?"

ಹುಡುಗಿ ಯೋಚಿಸಿದಳು. ನನಗೆ ಈಜಿನಲ್ಲಿ ಬ್ಯಾಡ್ಜ್ ಬಂತು ಅಂತ. ಅಪ್ಪ ಮತ್ತೆ ಬೀಗದ ಕೈ ಮರೆತ ಅಂತ. ನಿನ್ನ ಸುದ್ದಿಯನ್ನೂ ಹೇಳುತ್ತಾಳೆ.

"ನನ್ನ ಸುದ್ದಿ ಏನು ಹೇಳ್ತಾಳ?"

ಈ ಸಲ ಅನನ್ಯಾ ತಾಯಿಯ ಮಾತನ್ನು ಹಾಗೇ, ಕನ್ನಡದಲ್ಲೇ, ತಾಯಿಯ ಧಾಟಿಯಲ್ಲೇ ಒಪ್ಪಿಸಿದಳು. "ಅಮ್ಮಾ, ಅತ್ತೆಗೆ ಕೆಮ್ಮು ಕಡಿಮೆ ಆಗಿದೆ. ಅಮ್ಮಾ, ಅತ್ತೆಗೆ ಹೊಸ ಶೂಸ್ ಸರಿಹೋಯ್ತು. ಅಮ್ಮಾ, ಅತ್ತೆ ಇವತ್ತು ಸಾರು ಚೆನ್ನಾಗಿದೆ ಅಂದ್ರು."

ಕಮಲಾಬಾಯಿ ಕೈಗಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಂಡರು. ಕಾಯಲಿಟ್ಟ ಎಣ್ಣೆ ಹೊಗೆಯಾಡತೊಡಗಿತು; ಒಲೆ ಆರಿಸಿದರು. ಮೈಸೂರಿನ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಎಲೆ ಬಿಟ್ಟು ಎದ್ದು ಬಂದು ಕಾರಿನಲ್ಲಿ ಕುಳಿತಿದ್ದಾಗ ರಮಾ ಒಂದು ತಟ್ಟೆಯಲ್ಲಿ ಹೋಳಿಗೆ ಹಾಕಿಕೊಂಡು ಓಡಿ ಬಂದಿದ್ದರು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಹಣೆಯಲ್ಲಿ ಬೆವರು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಒಂದು ತುಂಡು ತಿನ್ನಿ, ಆಮೇಲೆ ಬೇಕಾದರೆ ಬೈಯಿರಿ ಎಂದಿದ್ದರು. ಕಮಲಾಬಾಯಿ ಕಾರಿನ ಗಾಜು ಏರಿಸಿದ್ದರು. ಗಾಜಿನ ಆಚೆ ಆ ಹೆಂಗಸಿನ ತುಟಿ ಇನ್ನೂ ಅಲುಗುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ... ತಾಯಿ ಸತ್ತ ಸುದ್ದಿ ಬಂದಾಗಲೂ ಸೊಸೆಗೆ ಒಂದು ಫೋನ್ ಮಾಡಿರಲಿಲ್ಲ. ಪ್ರಾರ್ಥನೆ ಮಾಡುತ್ತೇನೆಂದು ಮಗನ ಕೈಲಿ ಹೇಳಿ ಕಳಿಸಿದ್ದರು. ಮಾಡಿರಲಿಲ್ಲ.

ನಿಖಿತಾ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಎದುರು ಹೋಗಿ ನಿಂತರು.

"ಅದು ನಿಮ್ಮವ್ವನ ಗಿಡ ಅಂತ ನನಗ ಯಾಕ ಹೇಳಲಿಲ್ಲ?"

ನಿಖಿತಾ ಬೂಟಿನ ದಾರದಿಂದ ಕಣ್ಣೆತ್ತಲಿಲ್ಲ. "ಅಮ್ಮನ ಹೆಸರೆತ್ತಿದ್ರೆ ನೀವು ಎದ್ದು ಹೋಗ್ತಿದ್ರಿ ಅತ್ತೆ."

"ಇದನ್ನರ ಹೇಳಬೇಕಿತ್ತು."

"ಹೇಳಿದ್ರೆ ಕೊಡ್ತಿರ್ಲಿಲ್ವಾ?"

ಕಮಲಾಬಾಯಿ ಬಾಯಿ ತೆರೆದರು. ಖಂಡಿತ ಕೊಡುತ್ತಿರಲಿಲ್ಲ ಎನ್ನಬೇಕೆಂದಿದ್ದರು. ಹೇಳಿದ್ದರೆ ಇನ್ನೂ ಬೇಗ ಕೊಟ್ಟುಬಿಡುತ್ತಿದ್ದೆ ಎಂಬುದು ಆ ಕ್ಷಣಕ್ಕೇ ಅವರಿಗೆ ತಿಳಿಯಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಒಳಗೆ ಹೋದರು.

ಅನೂಪನಿಂದ ಉದಯಶಂಕರ್‌ಗೆ ಫೋನ್ ಮಾಡಿಸಿ ತಾವೇ ಮಾತಾಡಿದರು. ಆ ಮನುಷ್ಯ ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. "ಅಯ್ಯೋ, ತಗೊಂಡ್ಹೋಗಿ ಆಂಟಿ, ಮೊದಲೇ ಹೇಳ್ಬಾರ್ದಿತ್ತಾ?" ಎಂದರು. ಆಮೇಲೆ ದನಿ ಇಳಿಯಿತು. ಕುಂಡ ಸೀಳಿದೆ, ಬೇರಿಗೆ ಇಕ್ಕಟ್ಟು ಎಂದು ಸೋಮವಾರವೇ ಹಿತ್ತಲಲ್ಲಿ ನೆಲಕ್ಕೆ ಹಾಕಿದ್ದರಂತೆ. ನಿನ್ನೆ ದಕ್ಷಿಣದ ಚಳಿಗಾಳಿ ಆಲಿಕಲ್ಲು ಸಮೇತ ಬಂದು ಹೋದ ಮೇಲೆ ಎಲೆಯೆಲ್ಲ ಕಪ್ಪಾಗಿ ಉದುರಿದೆ. "ಆ ಹುಡುಗಿ ಹೇಳಿದ್ಲು, ಗಾಳಿಗೆ ಇಡ್ಬೇಡಿ ಅಂತ. ಬೇಸಿಗೆ ಅಲ್ವಾ, ಏನಾಗತ್ತೆ ಅಂದ್ಕೊಂಡೆ" ಎಂದು ಪೇಚಾಡಿಕೊಂಡರು. ಈಗಲೇ ಬಂದು ಒಯ್ಯಬಹುದು ಎಂದರು.

ಕಮಲಾಬಾಯಿ ಒಪ್ಪಲಿಲ್ಲ. ಸಭೆಯ ಮುಂದೆ ಕೊಟ್ಟದ್ದನ್ನು ಸಭೆಗೆ ಹೇಳದೆ ಒಯ್ಯುವ ಹಾಗಿಲ್ಲ ಎಂದರು. ಜಯಾನಂದರು ಮನೆಗೇ ಬಂದು ಬುದ್ಧಿ ಹೇಳಿದರು: ಇದು ದೊಡ್ಡ ಮಾತಲ್ಲ, ತಮಗೂ ಉದಯಶಂಕರ್‌ಗೂ ಬಿಟ್ಟು ಯಾರಿಗೂ ಗೊತ್ತಾಗುವುದಿಲ್ಲ, ಈ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ನಿಂತು ಹಗುರಾಗುವುದು ಯಾಕೆ?

"ಕೊಡೂ ಮುಂದ ನಾಲ್ಕು ಮಂದಿ ನೋಡ್ಲಿ ಅಂತ ರಿಬ್ಬನ್ ಕಟ್ಟೀನಿ ಜಯಾನಂದ. ಈಗ ಹಿತ್ತಲ ಬಾಗಲಿಂದ ತರಲೇನು?"

ಭಾನುವಾರ ಬಂತು, ಕ್ರಿಸ್ಮಸ್ಸಿಗೆ ಮೊದಲ ಮೇಣದ ಬತ್ತಿ ಹಚ್ಚುವ ಭಾನುವಾರ. ಮಕ್ಕಳ ಹಾಡಿನ ಅಭ್ಯಾಸವಿತ್ತು. ಅನನ್ಯಾಳನ್ನು ಬಿಡಲು ಬಂದ ನಿಖಿತಾ ಹಾಲಿನ ಹಿಂಬದಿಯ ಗೋಡೆಗೆ ಒರಗಿ ನಿಂತಿದ್ದಳು. ಸೂಟ್‌ಕೇಸು ಮನೆಯಲ್ಲಿ ಸಿದ್ಧವಾಗಿತ್ತು. ದೇವರ ಉಪಕಾರಕ್ಕೆ ಸಭೆಯ ಮುಂದೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ಕಮಲಾಬಾಯಿ ಎದ್ದರು. ಬಿಳಿ ಸೀರೆ, ಮೇಲೆ ಸೊಸೆ ಕೊಡಿಸಿದ ಉಣ್ಣೆಯ ಕೋಟು, ಕಾಲಲ್ಲಿ ಸೊಸೆ ಕೊಡಿಸಿದ ಶೂಸ್. ಎಂದಿನಂತೆ ಸ್ತೋತ್ರ ಹೇಳಿ ಶುರುಮಾಡುತ್ತಾರೆ ಎಂದು ಜನ ಕಾದರು.

"ಹೋದ ವಾರ ನಾ ದೇವರಿಗೆ ಕೊಟ್ಟ ಗಿಡ ನಂದಲ್ಲ," ಎಂದರು. "ನನ್ನ ಸೊಸಿ ನಿಖಿತಾನ ತಾಯಿ ನೆಟ್ಟಿದ್ದು. ಆ ತಾಯಿ ಈಗಿಲ್ಲ. ನಾ ಕೇಳಲಿಲ್ಲ, ಹೇಳಲಿಲ್ಲ, ಒಯ್ದು ಕೊಟ್ಟೆ. ನನ್ನ ಮನ್ಯಾಗ ಮೂರ್ತಿಪೂಜಾ ನಡದೈತಿ ಅಂತ ನನಗ ಸಂಶಯ ಇತ್ತು. ಅದನ್ನ ಹೊರಗ ಹಾಕಾಕ ದೇವರ ಹೆಸರು ಹಿಡದೆ. ಒಬ್ಬ ಮಗಳು ತನ್ನ ತಾಯಿಗೆ ಸುದ್ದಿ ಹೇಳತಿದ್ಲು, ಅಷ್ಟ."

 ಯಾರೋ ಕೆಮ್ಮಿದರು. ಕಮಲಾಬಾಯಿ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು.

"ಕೊಟ್ಟಿದ್ದು ತಿರುಗಿ ಒಯ್ಯಬಾರದು ಅಂತ ನಿಮಗ ಹೇಳಿಕೊಟ್ಟಾಕಿ ನಾನ. ಇವತ್ತ ಅದನ್ನ ಮುರೀತೀನಿ. ನನ್ನ ತಪ್ಪು ನನ್ನ ಸೊಸಿ ತಲಿ ಮ್ಯಾಲ ಹೊರಸಬ್ಯಾಡ್ರಿ."

ಇಷ್ಟು ಹೇಳಿ ಕುಳಿತರು. ಹಿಂದಕ್ಕೆ ತಿರುಗಿ ಸೊಸೆಯನ್ನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಅಭ್ಯಾಸದ ಹಾಡು ಶುರುವಾಯಿತು, ಮಕ್ಕಳು ಎರಡು ಸಲ ತಪ್ಪಿದರು, ಜನ ನಿಧಾನವಾಗಿ ಉಸಿರು ಬಿಟ್ಟರು. ನಿಖಿತಾ ನಿಂತಲ್ಲೇ ನಿಂತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅನೂಪ ಎದ್ದು ಬಂದು ಪಕ್ಕದಲ್ಲಿ ನಿಂತ. ಅವಳು ಅವನ ಕಡೆ ತಿರುಗಲಿಲ್ಲ, ಸರಿಯಲೂ ಇಲ್ಲ.

ಹೊರಗೆ ಉದಯಶಂಕರ್ ತಮ್ಮ ಯೂಟ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಗಿಡವನ್ನು ನೆಲದಿಂದ ತೆಗೆದು ಮತ್ತೆ ಕುಂಡಕ್ಕೆ ಹಾಕಿದ್ದರು; ಅದೇ ಕುಂಡ, ಅದೇ ತಂತಿ. ಮಣ್ಣಿನಲ್ಲಿ ಒಂದು ಕಡ್ಡಿ ನಿಂತಿತ್ತು, ನಾಲ್ಕೈದು ರೆಂಬೆ, ಒಂದೂ ಎಲೆಯಿಲ್ಲ.  ಅನೂಪ ಕುಂಡವನ್ನು ಎತ್ತಿ ಕಾರಿನಲ್ಲಿ ಇಡಲು ಹೋದಾಗ ನಿಖಿತಾ ತಾನೇ ಹಿಡಿದುಕೊಂಡಳು. ದಾರಿಯುದ್ದಕ್ಕೂ ಕಾಲ ನಡುವೆ ಇಟ್ಟುಕೊಂಡು ಕುಳಿತಳು.

ಮನೆಯಲ್ಲಿ ಕಮಲಾಬಾಯಿ ಮೊದಲು ಮಾಡಿದ ಕೆಲಸವೆಂದರೆ ಕ್ರಿಸ್ಮಸ್ ಮರವನ್ನು ಎಳೆದು ಟೀವಿಯ ಪಕ್ಕಕ್ಕೆ ಸರಿಸಿದ್ದು. ಬಣ್ಣದ ಗೋಲಿಗಳು ಉದುರಿ ಸೋಫಾ ಕೆಳಗೆ ಉರುಳಿದವು. ಕುಂಡವನ್ನು ಕಾರ್ಪೆಟ್ಟಿನ ದುಂಡು ಗುರುತಿನ ಮೇಲೆ ಇಟ್ಟರು. ಸರಿಯಾಗಿ ಕುಳಿತಿತು.

ಒಳಗೆ ಹಸಿರಿದೆಯೇ ಎಂದು ನಿಖಿತಾ ಉಗುರಿನಿಂದ ರೆಂಬೆಯೊಂದನ್ನು ಕೆರೆದು ನೋಡಿದಳು. ಒಣಗಿತ್ತು. ಬುಡದ ಹತ್ತಿರ ಕೆರೆದಳು. ಅಲ್ಲಿ ಏನು ಕಂಡಿತೋ, ಏನೂ ಕಾಣಲಿಲ್ಲವೋ, ಅವಳು ಹೇಳಲಿಲ್ಲ. ಕಮಲಾಬಾಯಿ ಕೇಳಲಿಲ್ಲ. ಸಂಜೆಯ ಬಿಸಿಲು ಇನ್ನೂ ಕಿಟಕಿಯ ತುಂಬ ಇತ್ತು. ಬಾಗಿಲ ಮೇಲಿನ ನಕ್ಷತ್ರದೊಳಗೆ ದೀಪ ಹಚ್ಚಿದ್ದರೂ ಆ ಬೆಳಕಿನಲ್ಲಿ ಕಾಣುತ್ತಿರಲಿಲ್ಲ.

"ನಾಳಿ ಹೋಗೂದು ಖರೇನಾ?" ಎಂದರು ಕೊನೆಗೆ.

"ಹೂಂ ಅತ್ತೆ. ಹೋಗಬೇಕು. ನನಗೆ ಸ್ವಲ್ಪ ದಿನ ಬೇಕು."

ಕಮಲಾಬಾಯಿ ತಲೆಯಾಡಿಸಿದರು. ಬೇಡ ಎನ್ನುವ ಹಕ್ಕು ತಮಗಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಡುಗೆಮನೆಗೆ ಹೋಗಿ ತಂಬಿಗೆಯಲ್ಲಿ ಮಜ್ಜಿಗೆ ತಂದರು. ಗಿಡದ ಮುಂದೆ ಬಂದು ನಿಂತರು, ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು ತಿಳಿಯದೆ ತಂಬಿಗೆ ಹಿಡಿದೇ ನಿಂತರು.

ನಿಖಿತಾ ಇಣುಕಿ ನೋಡಿದಳು. "ಇದು ಗಟ್ಟಿ ಆಯ್ತು. ನೀರು ಬೆರೆಸಬೇಕು. ಮತ್ತೆ ಬುಡಕ್ಕೇ ಹಾಕಬಾರ್ದು, ಸುತ್ತ ಹಾಕಬೇಕು." ತಂಬಿಗೆ ತೆಗೆದುಕೊಂಡು ನೀರು ಬೆರೆಸಿ ತಂದು ಅವರ ಕೈಗೇ ಕೊಟ್ಟಳು. "ವಾರಕ್ಕೆ ಒಂದೇ ಸಲ. ಜಾಸ್ತಿ ಹಾಕಿದ್ರೆ ಬೇರು ಕೊಳೆಯುತ್ತೆ. ನಾನು ಬರೋವರೆಗೂ ಮರೀಬೇಡಿ."

ಅವಳು ಬಟ್ಟೆ ಮಡಿಸಲು ಒಳಗೆ ಹೋದಳು. ಬರೋವರೆಗೂ ಎಂದಳು, ಎಂದು ಕಮಲಾಬಾಯಿ ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡರು. ತಂಬಿಗೆ ಬಾಗಿಸಿ, ಸುತ್ತಲೂ ಬರುವಂತೆ ಮಜ್ಜಿಗೆ ಎರೆದರು.

ಸೋಮವಾರ ಅನೂಪ ಹೆಂಡತಿ ಮಗಳನ್ನು ವಿಮಾನ ಹತ್ತಿಸಿ ಕೆಲಸಕ್ಕೆ ಹೋದ. ಮಧ್ಯಾಹ್ನ ಫೋನ್ ಮಾಡಿ, ಅವರು ತಲುಪಿದರಂತೆ ಎಂದ. ಕಮಲಾಬಾಯಿ ಫೋನ್ ಇಟ್ಟು, ಕೇಕಿನ ಹಣ್ಣಿನ ಡಬ್ಬಿಯನ್ನು ಒಮ್ಮೆ ಅಲ್ಲಾಡಿಸಿ ಮುಚ್ಚಿ, ಹಾಲಿಗೆ ಬಂದರು. ಕಡ್ಡಿ ಕಡ್ಡಿಯಾಗಿಯೇ ಇತ್ತು. ಅದರ ಮುಂದೆ ಹೋಗಿ ನಿಂತರು. ಒಂದು ಗಿಡದ ಜೊತೆ ಮಾತಾಡುವುದು ಅವರಿಗೆ ನಾಚಿಕೆಯ ಕೆಲಸವಾಗಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಒಮ್ಮೆ ಬಾಗಿಲ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, ಎಂದೂ ತುಟಿಗೆ ತಾರದ ಹೆಸರನ್ನು ತಂದರು.

"ರಮಾಬಾಯಾರ," ಎಂದರು. "ನಿಮ್ಮ ಮಗಳು, ಮೊಮ್ಮಗಳು ಸುಖವಾಗಿ ಮುಟ್ಯಾರಂತ. ಈಗ ಫೋನ್ ಬಂದಿತ್ತು."